ಮಕ್ಕಳ ಬೆರಳಚ್ಚು ಸ್ಪರ್ಧೆ: ವೇಗವನ್ನು ಅಳೆಯುವುದು ಹೇಗೆ?

ಓಟದ ಪಂದ್ಯವನ್ನು ಏರ್ಪಡಿಸುವುದು ಸುಲಭ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆಗಳನ್ನೆಳೆದು ಸೀಟಿ ಊದಿದರೆ ಆಯಿತು. ಯಾರು ಮುಂದೆ, ಯಾರು ಹಿಂದೆ ಎಂಬುದು ನೆರೆದವರಿಗೆಲ್ಲ ಕಾಣುತ್ತದೆ. ನೂರು ಮೀಟರು ದೂರವೆಂಬುದು ನವಲಗುಂದದ ಎರೆಯ ನೆಲದಲ್ಲಿಯೂ ನೂರು ಮೀಟರೇ, ಕಲಘಟಗಿಯ ಕಾಡಂಚಿನಲ್ಲಿಯೂ ನೂರು ಮೀಟರೇ. ಆದರೆ ಕಾಲುಗಳ ಓಟಕ್ಕೆ ಬದಲಾಗಿ ಬೆರಳುಗಳ ಓಟವನ್ನು ಏರ್ಪಡಿಸಿದೆವೆನ್ನಿ. ಆಗ ದೂರವನ್ನು ಅಳೆಯುವ ಕೋಲು ಯಾವುದು? ಈ ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಳ್ಳಬೇಕಾಗಿತ್ತು. ಕೇಳಿಕೊಳ್ಳದೆ ತೀರ್ಪುಗಾರನಾಗಿ ಕುಳಿತು ಒಂದು ತಪ್ಪು ಮಾಡಿದೆ. ಆ ತಪ್ಪಿನಿಂದ ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನವಲಗುಂದ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸುತ್ತಣ ನಾಲ್ಕಾರು ಹಳ್ಳಿಗಳ ಮಕ್ಕಳಿಗಾಗಿ ಕನ್ನಡ ಬೆರಳಚ್ಚು ಮತ್ತು ಗಣಕ ಕೌಶಲದ ಸ್ಪರ್ಧೆಯೊಂದು ನಡೆಯಿತು. ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳು ಹದಿನಾರು ಮಂದಿ, ಗಣಕಗಳು ಎಂಟೇ. ಆದಕಾರಣ ಮಕ್ಕಳನ್ನು ಎರಡು ತಂಡಗಳಾಗಿ ಕೂಡಿಸಬೇಕಾಯಿತು. ಮೊದಲ ತಂಡ ಬಡಿದ ಪಾಠವನ್ನು ಎರಡನೆಯ ತಂಡದವರು ಕಿಟಕಿಯಿಂದ ಇಣುಕಿ ನೋಡಿ ಬಾಯಿಪಾಠ ಮಾಡಿಕೊಂಡಾರೆಂಬ ಶಂಕೆಯಿಂದ ಎರಡು ಬೇರೆ ಬೇರೆ ಪಾಠಗಳನ್ನು ಆರಿಸಿದ್ದೆವು. ಒಂದರಲ್ಲಿ ಹೊಲ, ಮಳೆ, ಜೋಳ, ಎತ್ತು ಮುಂತಾದ ಒಕ್ಕಲುತನದ ಮಾತು. ಇನ್ನೊಂದರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ರಾಷ್ಟ್ರಧ್ವಜದ ವರ್ಣನೆ. ಐದು ನಿಮಿಷಗಳಲ್ಲಿ ಯಾರು ಹೆಚ್ಚು ಪದಗಳನ್ನು ಬಡಿಯುವರೋ ಅವರಿಗೆ ಮೊದಲ ಬಹುಮಾನ ಎಂದು ಸಾರಿದೆವು.

ಮೊದಲ ತಂಡದ ಹುಡುಗನೊಬ್ಬ 58 ಪದಗಳನ್ನು ಬಡಿದ. ಎರಡನೆಯ ತಂಡದ ಹುಡುಗಿಯೊಬ್ಬಳು, ಅಣ್ಣಿಗೇರಿಯ ಕಡೆಯವಳು, 51 ಪದಗಳನ್ನು ಬಡಿದಳು. ಹುಡುಗನಿಗೆ ಮೊದಲ ಬಹುಮಾನವೆಂದು ನಾನೇ ಎದ್ದು ನಿಂತು ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದು ಚಹಾ ಕುಡಿಯುತ್ತಿರುವಾಗ ಆ ಹುಡುಗಿ ಬಾಗಿಲ ಬಳಿ ಬಂದು ನಿಂತಳು. "ಸರ್, ನಮ್ಮ ಹಾಳ್ಯಾಗ ಒತ್ತಕ್ಷರ ಭಾಳ ಇದ್ವುರಿ. ಅವರ ಹಾಳ್ಯಾಗ ಇರಲಿಲ್ರಿ" ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ. ಕಂಡುದನ್ನು ಹೇಳಿದಳು, ಅಷ್ಟೆ. ನಾನು ಎರಡೂ ಹಾಳೆಗಳನ್ನು ಮನೆಗೆ ತಂದು ಆ ರಾತ್ರಿ ಎಣಿಸುತ್ತ ಕುಳಿತೆ.

ಏನನ್ನು ಎಣಿಸಬೇಕು? ಇಂಗ್ಲಿಷ್ ಬೆರಳಚ್ಚಿನಲ್ಲಿ ಈ ಪ್ರಶ್ನೆಗೆ ಬಹುಕಾಲದ ಹಿಂದೆಯೇ ಉತ್ತರ ದೊರೆತಿದೆ. ಅಲ್ಲಿ ಪದವೆಂದರೆ ನಿಜವಾದ ಪದವಲ್ಲ. ನಡುವಣ ಬಿಡುವನ್ನೂ ಸೇರಿಸಿ ಐದು ಬಾರಿ ಕೀಲಿಯೊತ್ತಿದರೆ ಒಂದು ಪದವೆಂದು ಲೆಕ್ಕ. ಉದ್ದದ ಪದಗಳುಳ್ಳ ಪಾಠ ಬಂದವನಿಗೆ ಅನ್ಯಾಯವಾಗಬಾರದೆಂದೇ ಈ ಕಟ್ಟಳೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಕೀಲಿಯಾದುದರಿಂದ ಅಕ್ಷರಗಳನ್ನು ಎಣಿಸಿದರೂ ಒಂದೇ, ಕೀಲಿಗಳನ್ನು ಎಣಿಸಿದರೂ ಒಂದೇ. ಕನ್ನಡದಲ್ಲಿ ಹಾಗಲ್ಲ. ನಮ್ಮ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರದಲ್ಲಿ ವ್ಯಂಜನ, ಒತ್ತು, ಗುಣಿತ, ಸೊನ್ನೆ ಹೀಗೆ ಹಲವು ಅಂಗಗಳು ಅಡಗಿರಬಹುದು. ಗಣಕವು ಒಂದೊಂದು ಅಂಗಕ್ಕೂ ಒಂದೊಂದು ಕೀಲಿಯನ್ನು ಬೇಡುತ್ತದೆ.

ನಮ್ಮ ಜಿಲ್ಲೆಯ ಊರುಗಳ ಹೆಸರುಗಳನ್ನೇ ತೆಗೆದುಕೊಂಡು ನೋಡೋಣ. ಕರ್ನಾಟಕ ಸರ್ಕಾರವು ಪ್ರಮಾಣವೆಂದು ಅಂಗೀಕರಿಸಿದ ಕೀಲಿಮಣೆಯು ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಕೆ. ಪಿ. ರಾಯರು, ರೂಪಿಸಿದ ವಿನ್ಯಾಸವನ್ನು ಅಲ್ಪಸ್ವಲ್ಪ ಬದಲಾವಣೆಗಳೊಡನೆ ಅನುಸರಿಸಿದುದು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ನಾವು ಬಳಸುವುದು ಇದನ್ನೇ. ಇದರಲ್ಲಿ 'ಕೆ' ಕೀಲಿಯನ್ನೊತ್ತಿದರೆ 'ಕ' ಬರುತ್ತದೆ. ಆ ಮೇಲೆ 'ಐ' ಒತ್ತಿದರೆ ಅದು 'ಕಿ' ಆಗುತ್ತದೆ. ಒಂದು ವ್ಯಂಜನದ ಕೆಳಗೆ ಇನ್ನೊಂದನ್ನು ಒತ್ತಾಗಿ ಕೂಡಿಸಬೇಕಾದರೆ ನಡುವೆ 'ಎಫ್' ಕೀಲಿಯನ್ನು ಒತ್ತಬೇಕು. ಈ ಕ್ರಮದಲ್ಲಿ 'ಧಾರವಾಡ' ಎಂದು ಬಡಿಯಲು ಆರು ಕೀಲಿಗಳು ಸಾಕು: ಧ, ಆ, ರ, ವ, ಆ, ಡ. 'ಅಣ್ಣಿಗೇರಿ' ಎನ್ನಲು? ಅ, ಣ, ಒತ್ತಿನ ಕೀಲಿ, ಮತ್ತೆ ಣ, ಇ, ಗ, ಏ, ರ, ಇ, ಒಟ್ಟು ಒಂಬತ್ತು. ಧಾರವಾಡಕ್ಕೂ ನಾಲ್ಕು ಅಕ್ಷರ, ಅಣ್ಣಿಗೇರಿಗೂ ನಾಲ್ಕು ಅಕ್ಷರ. ಬೆರಳಿನ ದುಡಿಮೆ ಮಾತ್ರ ಒಂದೂವರೆ ಪಟ್ಟು. ಐದು ಅಕ್ಷರಗಳ 'ಕಲಘಟಗಿ' ಆರೇ ಕೀಲಿಗಳಲ್ಲಿ ಮುಗಿಯುತ್ತದೆ. ನಾಲ್ಕು ಅಕ್ಷರಗಳ 'ಕುಂದಗೋಳ'ಕ್ಕೆ ಏಳು ಬೇಕು. 'ಸ್ವಾತಂತ್ರ್ಯ' ಎಂಬ ಮೂರಕ್ಷರದ ಮಾತಿಗಂತೂ ಹನ್ನೊಂದು! ಹೀಗಿರಲು ಪದಗಳನ್ನಾಗಲಿ ಅಕ್ಷರಗಳನ್ನಾಗಲಿ ಎಣಿಸಿ ಬಹುಮಾನ ಕೊಡುವುದೆಂದರೆ, ಒಬ್ಬನನ್ನು ಬಯಲಿನಲ್ಲಿ, ಇನ್ನೊಬ್ಬನನ್ನು ಕೆಸರುಗದ್ದೆಯಲ್ಲಿ ಓಡಿಸಿ ಇಬ್ಬರ ಹೆಜ್ಜೆಗಳನ್ನು ಹೋಲಿಸಿದಂತೆಯೇ ಸರಿ.

ಸೌಭಾಗ್ಯಕ್ಕೆ ಈ ಅಂಗಗಳನ್ನು ಕೈಯಿಂದ ಎಣಿಸಬೇಕಾಗಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯಾಸಂಕೇತಗಳನ್ನು ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವುಂಟು. ಅದರಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಗುಣಿತಚಿಹ್ನೆಗೆ ಒಂದು, ಒತ್ತನ್ನು ಕೂಡಿಸುವ ಹಲಂತಕ್ಕೆ ಒಂದು, ಸೊನ್ನೆಗೆ ಒಂದು. ಅಣ್ಣಿಗೇರಿ ಎಂದು ಉಳಿಸಿಟ್ಟರೆ ಗಣಕದ ನೆನಪಿನಲ್ಲಿ ಒಂಬತ್ತು ಸಂಕೇತಗಳಿರುತ್ತವೆ. ನಾವು ಒತ್ತಿದ ಕೀಲಿಗಳೂ ಒಂಬತ್ತೇ. ಕಡತದಲ್ಲಿರುವ ಸಂಕೇತಗಳನ್ನು ಎಣಿಸುವ ಸಣ್ಣ ಕಾರ್ಯಕ್ರಮವನ್ನು ಗಣಕ ಬಲ್ಲ ಯಾವ ಕಾಲೇಜು ಹುಡುಗನೂ ಅರ್ಧ ಗಂಟೆಯಲ್ಲಿ ಬರೆದುಕೊಟ್ಟಾನು. ಆದರೆ ಒಂದು ಎಚ್ಚರಿಕೆ. ಹಳೆಯ ನುಡಿ ಅಕ್ಷರವಿನ್ಯಾಸಗಳಲ್ಲಿ ಬಡಿದ ಕಡತಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳಲ್ಲಿ ಸಂಕೇತವಿರುವುದು ಅಕ್ಷರದ ಅಂಗಗಳಿಗಲ್ಲ, ಅಚ್ಚಿನ ಆಕೃತಿಯ ತುಣುಕುಗಳಿಗೆ. ಅಂಥ ಕಡತವನ್ನು ಯೂನಿಕೋಡಿಗೆ ಪರಿವರ್ತಿಸದೆ ಎಣಿಸಿದರೆ ಲೆಕ್ಕ ಕೆಡುತ್ತದೆ.

ಆ ರಾತ್ರಿಯ ಎಣಿಕೆಯಲ್ಲಿ ಹುಡುಗನ 58 ಪದಗಳು ಬಿಡುವುಗಳೂ ಸೇರಿ 330 ಸಂಕೇತಗಳಾದುವು. ಹುಡುಗಿಯ 51 ಪದಗಳು 372. ನಿಮಿಷಕ್ಕೆ ಅವನು 66, ಅವಳು 74ಕ್ಕೂ ತುಸು ಹೆಚ್ಚು. ಬಹುಮಾನ ತಲೆಕೆಳಗಾಗಿತ್ತು.

ಹಾಗಾದರೆ ಕೀಲಿಗಳನ್ನು ಎಣಿಸಿದರೆ ಎಲ್ಲವೂ ಸರಿಹೋಯಿತೆ? ಇಲ್ಲ. ಕನ್ನಡ ಬಡಿಯಲು ಒಂದೇ ದಾರಿ ಇರುವುದಲ್ಲ. ಮನೆಯಲ್ಲಿ ಅಣ್ಣನ ಗಣಕದಲ್ಲಿಯೋ ಕೈಫೋನಿನಲ್ಲಿಯೋ ಕಲಿತ ಮಕ್ಕಳು ಇಂಗ್ಲಿಷ್ ಕಾಗುಣಿತದಂತೆ ಬಡಿದು ಕನ್ನಡವನ್ನು ಪಡೆಯುತ್ತಾರೆ. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ 'ಬರಹ' ತಂತ್ರಾಂಶವು ಈ ಲಿಪ್ಯಂತರಣ ಕ್ರಮವನ್ನು ಮನೆಮಾತಾಗಿಸಿತು. ಇದರಲ್ಲಿ 'ಕ' ಎನ್ನಲು 'ಕೆ' ಮತ್ತು 'ಎ' ಎಂಬ ಎರಡು ಕೀಲಿಗಳು ಬೇಕು. ಒತ್ತಿಗೆ ಮಾತ್ರ ಬೇರೆ ಕೀಲಿ ಬೇಡ. ಪರಿಣಾಮವೇನೆಂದು ನೋಡಿ: ಕಲಘಟಗಿಗೆ ಹನ್ನೊಂದು ಕೀಲಿಗಳು, ಅಣ್ಣಿಗೇರಿಗೆ ಎಂಟೇ! ಒಂದು ಕ್ರಮದಲ್ಲಿ ಹಗುರವಾದ ಊರು ಇನ್ನೊಂದು ಕ್ರಮದಲ್ಲಿ ಭಾರವಾಯಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಒಪ್ಪಿದ ಇನ್‌ಸ್ಕ್ರಿಪ್ಟ್ ಎಂಬ ಮೂರನೆಯ ವಿನ್ಯಾಸವೂ ಉಂಟು. ಅದರಲ್ಲಿ ಸಂಖ್ಯೆಗಳು ನುಡಿಯಲ್ಲಿರುವಂತೆಯೇ ಇದ್ದರೂ ಕೀಲಿಗಳ ಸ್ಥಾನಗಳು ಪೂರ್ತಿ ಬೇರೆ.

ಬೇರೆ ಬೇರೆ ಕೀಲಿಮಣೆಗಳವರನ್ನು ಎದುರುಬದುರು ನಿಲ್ಲಿಸಿದ ಪಂದ್ಯಕ್ಕೆ ಹಳೆಯ ಉದಾಹರಣೆಯೊಂದಿದೆ. 1888ರ ಜುಲೈ 25ರಂದು ಅಮೆರಿಕೆಯ ಸಿನ್ಸಿನಾಟಿ ನಗರದಲ್ಲಿ ಫ್ರಾಂಕ್ ಮೆಕ್‌ಗರಿನ್ ಮತ್ತು ಲೂಯಿ ಟ್ರಾಬ್ ಎಂಬ ಇಬ್ಬರು ಬೆರಳಚ್ಚುಗಾರರು ಐನೂರು ಡಾಲರುಗಳ ಪಣಕ್ಕೆ ಸೆಣಸಿದರು. ಮೆಕ್‌ಗರಿನ್ ಬಳಸಿದುದು ರೆಮಿಂಗ್ಟನ್ ಯಂತ್ರ. ಟ್ರಾಬ್ ಬಳಸಿದುದು ಕ್ಯಾಲಿಗ್ರಾಫ್. ಕ್ಯಾಲಿಗ್ರಾಫಿನಲ್ಲಿ ದೊಡ್ಡ ಅಕ್ಷರಕ್ಕೂ ಚಿಕ್ಕ ಅಕ್ಷರಕ್ಕೂ ಬೇರೆ ಬೇರೆ ಕೀಲಿಗಳು. ಮೆಕ್‌ಗರಿನ್ ಗೆದ್ದ. ಅವನು ಕೀಲಿಗಳನ್ನು ನೋಡದೆಯೇ ಬಡಿಯಬಲ್ಲವನಾಗಿದ್ದ; ನೋಡದೆ ಬಡಿಯುವ ಪದ್ಧತಿಗೆ ಹೆಸರು ಬಂದುದು ಈ ಪಂದ್ಯದಿಂದಲೇ. ಆದರೆ ಗೆದ್ದುದು ಮನುಷ್ಯನೋ, ಪದ್ಧತಿಯೋ, ಯಂತ್ರವೋ? ಒಂದೇ ಪಂದ್ಯದಲ್ಲಿ ಮೂರನ್ನೂ ಬೆರೆಸಿದ ಮೇಲೆ ಅದನ್ನು ಬಿಡಿಸಿ ಹೇಳುವುದು ಹೇಗೆ? ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುವ ಮಾತು ಇದು: ಒಂದನ್ನು ಬದಲಿಸುವಾಗ ಉಳಿದುದನ್ನು ಅಲುಗಿಸಬೇಡಿ.

ಆದುದರಿಂದ ಮಕ್ಕಳ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ವಿನ್ಯಾಸವಿರಲಿ, ಅದು ಯಾವುದೆಂಬುದನ್ನು ಒಂದು ತಿಂಗಳ ಮೊದಲೇ ತಿಳಿಸಿರಲಿ ಎಂಬುದು ನನ್ನ ಅಭಿಪ್ರಾಯ. ನಾನಾದರೆ ರಾಜ್ಯದ ಪ್ರಮಾಣ ವಿನ್ಯಾಸವನ್ನೇ ಆರಿಸುತ್ತೇನೆ. ಅದರಲ್ಲಿ ಒತ್ತಿನ 'ಎಫ್' ಕೀಲಿಯು ಎಡಗೈಯ ತೋರುಬೆರಳು ಸಹಜವಾಗಿ ನೆಲೆಸುವ ಜಾಗದಲ್ಲಿದೆ. ಕೀಲಿಮಣೆಯ ಮೇಲೆ ಕೈಯಾಡಿಸಿ ನೋಡಿದರೆ 'ಎಫ್' ಮತ್ತು 'ಜೆ' ಕೀಲಿಗಳ ಮೇಲೆ ಸಣ್ಣ ಗೀರು ಉಬ್ಬಿರುವುದು ಬೆರಳಿಗೆ ತಗಲುತ್ತದೆ. ಕನ್ನಡದಲ್ಲಿ ಮತ್ತೆ ಮತ್ತೆ ಬೇಕಾಗುವ ಕೀಲಿ ಬೆರಳಿನ ಮನೆಯಲ್ಲಿಯೇ ಇರುವುದು ಸಣ್ಣ ಅನುಕೂಲವಲ್ಲ.

ಮಕ್ಕಳು ಎಡವುವ ತಾಣಗಳಲ್ಲಿ ಒಂದು ಬಹಳ ಕುತೂಹಲಕರವಾದುದು. 'ಸೂರ್ಯ' ಎಂದು ಪಾಟಿಯ ಮೇಲೆ ಬರೆಯುವಾಗ ನಾವು 'ಯ' ಬರೆದು ಅದರ ಪಕ್ಕದಲ್ಲಿ ಅರ್ಕಾವೊತ್ತು ಇಡುತ್ತೇವೆ. ಕೈಗೆ ರೂಢಿಯಾದುದು ಆ ಕ್ರಮ. ಆದರೆ ಉಚ್ಚಾರದಲ್ಲಿ ಮೊದಲು ಬರುವುದು ರೇಫ, ಆ ಮೇಲೆ ಯಕಾರ. ಗಣಕವು ಕೈಯ ಕ್ರಮವನ್ನು ಒಲ್ಲದು, ಕಿವಿಯ ಕ್ರಮವನ್ನೇ ಬೇಡುತ್ತದೆ: ಸ, ಊ, ರ, ಒತ್ತಿನ ಕೀಲಿ, ಯ. ಮಗು 'ಯ' ಒತ್ತಿ ಅರ್ಕಾವೊತ್ತಿನ ಕೀಲಿ ಎಲ್ಲಿ ಎಂದು ಕೀಲಿಮಣೆಯನ್ನೆಲ್ಲ ತಡಕುತ್ತದೆ. ಅಂಥ ಕೀಲಿ ಇಲ್ಲವೇ ಇಲ್ಲ! ಏಳನೆಯ ತರಗತಿಯ ವ್ಯಾಕರಣದ ಪಾಠದಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಬರೆಯಲು ತಿಣುಕುವ ಹುಡುಗರು ಎರಡು ವಾರ ಬೆರಳಚ್ಚು ಕಲಿತ ಮೇಲೆ ಅದನ್ನು ತಡವಿಲ್ಲದೆ ಬಿಡಿಸುವುದನ್ನು ಕಂಡಿದ್ದೇನೆ.

ಇನ್ನು ತಪ್ಪುಗಳನ್ನು ಎಣಿಸುವ ಮಾತು. ಮೂಲದ ಮೊದಲ ಸಂಕೇತಕ್ಕೆ ಮಗುವಿನ ಮೊದಲ ಸಂಕೇತ, ಎರಡನೆಯದಕ್ಕೆ ಎರಡನೆಯದು ಎಂದು ಸಾಲಾಗಿ ಹೋಲಿಸಿದರೆ ಘೋರ ಅನ್ಯಾಯವಾಗುತ್ತದೆ. 'ಕಲಘಟಗಿ'ಯಲ್ಲಿ 'ಲ' ಬಿಟ್ಟುಹೋಗಿ 'ಕಘಟಗಿ' ಆಯಿತೆನ್ನಿ. ಆಗಿರುವುದು ಒಂದೇ ತಪ್ಪು. ಆದರೆ ಸಾಲಿನ ಹೋಲಿಕೆಯಲ್ಲಿ 'ಲ'ದ ಎದುರಿಗೆ 'ಘ' ಬಂತು, 'ಘ'ದ ಎದುರಿಗೆ 'ಟ' ಬಂತು. ಆರು ಸಂಕೇತಗಳಲ್ಲಿ ಐದು ತಪ್ಪೆಂದಾಗುತ್ತದೆ. ಮೊದಲ ಸಾಲಿನಲ್ಲಿಯೇ ಒಂದು ಕೀಲಿ ಜಾರಿದ ಮಗು ಇಡೀ ಪಾಠವನ್ನೇ ತಪ್ಪಿದಂತಾಯಿತು! ಇದಕ್ಕೆ ಸರಿಯಾದ ಅಳತೆಯನ್ನು ಕೊಟ್ಟವನು ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್, 1965ರಲ್ಲಿ. ಒಂದು ಬರಹವನ್ನು ಇನ್ನೊಂದಾಗಿ ಮಾಡಲು ಕಡಮೆಯೆಂದರೆ ಎಷ್ಟು ಸಂಕೇತಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಸಂಖ್ಯೆಯೇ ಆ ಎರಡರ ನಡುವಣ ದೂರ. 'ಕಘಟಗಿ'ಗೆ ಒಂದು 'ಲ' ಸೇರಿಸಿದರೆ ಕಲಘಟಗಿ, ದೂರ ಒಂದು. 'ಅಣ್ಣಿಗೇರಿ'ಯು 'ಅಣಣಿಗೇರಿ' ಆದರೆ ನೋಡಲು ಊರಿನ ಹೆಸರೇ ಕೆಟ್ಟಂತೆ ಕಾಣುತ್ತದೆ. ಆದರೂ ಬಿಟ್ಟುಹೋದುದು ಒಂದೇ ಒತ್ತಿನ ಕೀಲಿ, ದೂರ ಒಂದೇ.

ಕಣ್ಣಿಗೆ ಕಾಣದ ತಪ್ಪುಗಳೂ ಉಂಟು. 'ಕುಂದಗೋಳ'ದಲ್ಲಿ ಅನುಸ್ವಾರ ಎಲ್ಲಿದೆಯೆಂದು ತಿಳಿಯದ ಮಗು ಅಂಕಿಯ ಸೊನ್ನೆಯನ್ನು ಒತ್ತಿಬಿಡುತ್ತದೆ. ತೆರೆಯ ಮೇಲೆ ಎರಡೂ ಒಂದೇ ದುಂಡಗೆ. ತೀರ್ಪುಗಾರನ ಕಣ್ಣು ಮೋಸಹೋಗುತ್ತದೆ, ಯಂತ್ರ ಮೋಸಹೋಗದು. ಇದನ್ನು ತಪ್ಪೆಂದು ಹಿಡಿಯಬೇಕೆ? ಹಿಡಿಯಬೇಕು, ಏಕೆಂದರೆ ನಾಳೆ 'ಕುಂದಗೋಳ' ಎಂದು ಕಡತದಲ್ಲಿ ಹುಡುಕಿದರೆ ಸೊನ್ನೆಯ ಕುಂದಗೋಳ ಸಿಕ್ಕುವುದಿಲ್ಲ. ಆದರೆ ಇದಕ್ಕೆ ಎದುರಾದ ಸಂದರ್ಭವೂ ಇದೆ. 'ಗೋ' ಎಂಬುದನ್ನು ಯೂನಿಕೋಡಿನಲ್ಲಿ ಓಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಅದರ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು; ಎರಡೂ ಸರಿಯೆಂದೇ ಆ ವ್ಯವಸ್ಥೆಯ ನಿಯಮ. ಎಣಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಇಲ್ಲವಾದರೆ ತಪ್ಪು ಮಾಡದ ಮಗುವಿಗೆ ದಂಡ ಬೀಳುತ್ತದೆ.

ತಪ್ಪಿಗೆ ದಂಡವೆಷ್ಟು? ದಂಡ ಹೆಚ್ಚಾದರೆ ಮಗು ಪ್ರತಿಯೊಂದು ಕೀಲಿಗೂ ಹೆದರಿ ಅಳಿಸುವುದರಲ್ಲಿಯೇ ಹೊತ್ತು ಕಳೆಯುತ್ತದೆ. ಕಡಮೆಯಾದರೆ ಕಣ್ಣುಮುಚ್ಚಿ ರಾಗಿ ಬೀಸಿದಂತೆ ಬಡಿಯುತ್ತದೆ. ನೂರಕ್ಕೆ ತೊಂಬತ್ತೈದು ಸಂಕೇತಗಳಾದರೂ ಸರಿಯಿರುವ ಬರಹಗಳನ್ನು ಮಾತ್ರ ವೇಗದ ಸಾಲಿನಲ್ಲಿ ನಿಲ್ಲಿಸಿ, ಉಳಿದವರಿಗೆ ಇನ್ನೊಂದು ಅವಕಾಶ ಕೊಡುವುದೇ ಲೇಸೆಂದು ನನಗೆ ತೋರುತ್ತದೆ. ನಮ್ಮ ಹುಡುಗನ 330ರಲ್ಲಿ 6 ತಪ್ಪುಗಳಿದ್ದುವು, ಹುಡುಗಿಯ 372ರಲ್ಲಿ 9. ಇಬ್ಬರೂ ಈ ಗೆರೆಯನ್ನು ಸುಖವಾಗಿ ದಾಟಿದ್ದರು.

ಒಂದೇ ಬಾರಿ ಅಳೆದು ತೀರ್ಪು ಕೊಡುವುದೂ ಸಲ್ಲದು. ಲೋಲಕದ ಪ್ರಯೋಗದಲ್ಲಿ ಒಂದು ತೂಗಾಟದ ಕಾಲವನ್ನು ಅಳೆಯುವ ವಿದ್ಯಾರ್ಥಿಯನ್ನು ಯಾರೂ ನಂಬುವುದಿಲ್ಲ. ಇಪ್ಪತ್ತು ತೂಗಾಟಗಳನ್ನು ಅಳೆದು ಭಾಗಿಸು ಎನ್ನುತ್ತೇವೆ. ಗಡಿಯಾರದ ಗುಂಡಿಯನ್ನೊತ್ತುವ ಬೆರಳು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡಮಾಡುತ್ತದೆ. ಐದು ನಿಮಿಷಗಳ ಸ್ಪರ್ಧೆಯಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತ ಕಡಮೆ, ಅದನ್ನು ಮರೆಯಬಹುದು. ಮರೆಯಲಾಗದುದು ಮಗುವಿನ ಏರಿಳಿತ. ಬೆಳಿಗ್ಗೆ ಬಡಿದಷ್ಟನ್ನೇ ಅದು ಮಧ್ಯಾಹ್ನದ ಊಟದ ಮೇಲೆ ಬಡಿಯುವುದಿಲ್ಲ. ಮೂರು ಸುತ್ತುಗಳನ್ನು ನಡೆಸಿ ನಡುವಣ ಸಂಖ್ಯೆಯನ್ನು ಹಿಡಿದರೆ ಒಂದು ಸುತ್ತಿನ ಗಾಬರಿ ಮಗುವನ್ನು ಕೆಡಿಸುವುದಿಲ್ಲ. ಆ ಮೇಲೂ ಇಬ್ಬರ ನಡುವೆ ನಾಲ್ಕೈದು ಸಂಕೇತಗಳ ಅಂತರವೇ ಉಳಿದರೆ ಇಬ್ಬರಿಗೂ ಬಹುಮಾನ ಹಂಚುವುದು ಔದಾರ್ಯವಲ್ಲ, ಸರಿಯಾದ ಅಳತೆ.

ಯಂತ್ರಗಳ ಕಡೆಗೂ ಒಮ್ಮೆ ನೋಡಬೇಕು. ಅಗ್ಗದ ಕೀಲಿಮಣೆಯೊಳಗೆ ವಿದ್ಯುತ್ತು ಹರಿಯುವ ಗೆರೆಗಳನ್ನು ಮುದ್ರಿಸಿದ ಎರಡು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಅವುಗಳ ನಡುವೆ ತೂತುಗಳುಳ್ಳ ಮೂರನೆಯದೊಂದು. ಕೀಲಿಯನ್ನೊತ್ತಿದಾಗ ಕೆಳಗಿನ ರಬ್ಬರಿನ ಬುಗುಟು ಕುಸಿದು ಮೇಲಣ ಹಾಳೆಯನ್ನು ತೂತಿನ ಮೂಲಕ ಕೆಳಗಣ ಹಾಳೆಗೆ ಮುಟ್ಟಿಸುತ್ತದೆ. ಗೆರೆಗಳು ಅಡ್ಡಸಾಲು ನೀಟಸಾಲುಗಳಾಗಿ ಹೆಣೆದುಕೊಂಡಿದ್ದು, ಒಳಗಣ ಪುಟ್ಟ ನಿಯಂತ್ರಕವು ಯಾವ ಅಡ್ಡಸಾಲು ಯಾವ ನೀಟಸಾಲನ್ನು ಮುಟ್ಟಿತೆಂದು ಎಡೆಬಿಡದೆ ಪರೀಕ್ಷಿಸುತ್ತಿರುತ್ತದೆ. ಮುಟ್ಟಿದ ತುದಿಗಳು ಕೆಲವು ಸಾವಿರಾಂಶ ಸೆಕೆಂಡುಗಳ ಕಾಲ ಅದುರುತ್ತವೆ. ಆ ಅದುರು ನಿಲ್ಲುವವರೆಗೆ ನಿಯಂತ್ರಕ ಕಾಯದಿದ್ದರೆ ಒಂದು 'ಕ'ಕ್ಕೆ ಎರಡು 'ಕ' ಬಂದಾವು. ನಮ್ಮ ನವಲಗುಂದದ ಎರೆಯ ಧೂಳು ಬೇಸಗೆಯಲ್ಲಿ ಎಲ್ಲಿಗೆ ತಾನೆ ನುಗ್ಗುವುದಿಲ್ಲ? ಧೂಳು ಕೂತ ಕೀಲಿ ಒತ್ತಿದರೆ ಮೇಲೇಳದು. ಸ್ಪರ್ಧೆಯ ಹಿಂದಿನ ದಿನ ಒಬ್ಬರು ಎಲ್ಲ ಕೀಲಿಗಳನ್ನೂ ಒಮ್ಮೆ ಬಡಿದು ನೋಡಬೇಕು. ಯಾವ ಮಗು ಯಾವ ಗಣಕದಲ್ಲಿ ಕೂರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಪ್ರತಿ ಸುತ್ತಿಗೂ ಜಾಗ ಬದಲಿಸಿದರೆ ಇನ್ನೂ ಒಳ್ಳೆಯದು.

ಕೀಲಿಯಿಂದ ಕೀಲಿಗೆ ಸುಮಾರು 19 ಮಿಲಿಮೀಟರು ದೂರ. ಅದು ದೊಡ್ಡವರ ಕೈಗೆ ಮಾಡಿದ ಅಳತೆ. ಐದನೆಯ ತರಗತಿಯ ಮಗುವಿನ ಕಿರುಬೆರಳು ಎಲ್ಲ ಕಡೆಗೂ ಎಟುಕುವುದಿಲ್ಲ. ಹತ್ತೂ ಬೆರಳುಗಳಿಂದ ಬಡಿಯಲೇಬೇಕೆಂದು ಆ ವಯಸ್ಸಿನಲ್ಲಿ ಹಟ ಹಿಡಿಯುವುದು ಬೇಡ. ಆದರೆ ಆಸನದ ಎತ್ತರವನ್ನು ಮಾತ್ರ ನೋಡಲೇಬೇಕು. ಮೊಣಕೈ ಕೀಲಿಮಣೆಯ ಮಟ್ಟಕ್ಕೆ ಬರುವಂತೆ ಕೆಳಗೊಂದು ಮಡಿಸಿದ ಗೋಣಿಚೀಲವನ್ನಿಟ್ಟರೂ ನಡೆದೀತು.

ವಿದ್ಯುತ್ತು ಹೋದರೆ ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಟ್ಟು ಓದಿ ಹೇಳಬೇಕು. ಆ ತಂಡದ ಸುತ್ತು ರದ್ದಾಗಿ, ಅಷ್ಟೇ ಸಂಕೇತಗಳುಳ್ಳ ಮೀಸಲು ಪಾಠದಿಂದ ಮತ್ತೆ ನಡೆಯಬೇಕು. ಕತ್ತಲಾದ ಮೇಲೆ ನಿಯಮ ಮಾಡಹೊರಟರೆ ಜಗಳವೇ ಗತಿ. ಗಣಕ ಕೌಶಲದ ಪರೀಕ್ಷೆಗೆ ನಾನು ಇಷ್ಟಪಡುವುದು ಒಂದು ಸಣ್ಣ ಕೆಲಸವನ್ನು ಪೂರ್ತಿ ಮಾಡಿಸುವುದನ್ನು: ಹತ್ತು ಊರುಗಳ ಹೆಸರುಗಳನ್ನು ಬಡಿದು, ಅಕಾರಾದಿಯಾಗಿ ಜೋಡಿಸಿ, ತನ್ನ ಹೆಸರಿನ ಕಡತದಲ್ಲಿ ಉಳಿಸಿ, ಮುಚ್ಚಿ, ಮತ್ತೆ ಹುಡುಕಿ ತೆರೆದು ತೋರಿಸು. ಯಾವ ಗುಂಡಿಯನ್ನು ಎಷ್ಟು ಬಾರಿ ಒತ್ತಿದೆ ಎಂಬುದು ಅಲ್ಲಿ ಮುಖ್ಯವಲ್ಲ. ಕಡತ ಸಿಕ್ಕಿತೆ, ಅದರಲ್ಲಿರುವುದು ಸರಿಯೆ ಎಂಬುದಷ್ಟೇ ಮುಖ್ಯ.

ಮರುವಾರ ನಾನು ಎಣಿಕೆಯ ಹಾಳೆಯನ್ನು ಹಿಡಿದುಕೊಂಡು ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಸಾವಧಾನವಾಗಿ ಕೇಳಿದರು. ಮಕ್ಕಳನ್ನು ಕರೆಸಿ, ನನ್ನ ತಪ್ಪನ್ನು ನನ್ನಿಂದಲೇ ಹೇಳಿಸಿದರು. ಹುಡುಗಿಗೂ ಮೊದಲ ಬಹುಮಾನ ಕೊಡುವುದೆಂದು ತೀರ್ಮಾನವಾಯಿತು. ಹುಡುಗನಿಂದ ಕಿತ್ತುಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಆದರೆ ಅವನು ಸುಮ್ಮನಿರದೆ ಅವಳ ಪಾಠದ ಹಾಳೆಯನ್ನು ಕೇಳಿ ಇಸಿದುಕೊಂಡು ಗಣಕದ ಮುಂದೆ ಕುಳಿತ. ಮೊದಲ ಸಾಲು ಸಲೀಸಾಗಿ ಸಾಗಿತು. ಎರಡನೆಯ ಸಾಲಿನ 'ವರ್ಣ' ಎಂಬಲ್ಲಿ ಕೈ ನಿಂತಿತು. "ಅರ್ಕಾವೊತ್ತು ಎಲ್ಲೈತ್ರಿ ಸರ್?" ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಅವನ ಹೆಗಲ ಮೇಲಿಂದ ಬಾಗಿ, 'ಣ'ವನ್ನು ಅಳಿಸಿ, ರ, ಒತ್ತಿನ ಕೀಲಿ, ಣ ಎಂದು ಮೂರು ಕೀಲಿಗಳನ್ನು ಒತ್ತಿದಳು.